ಶಾರ್ಕ್ ಸ್ಪ್ರೇ ದೃಶ್ಯ 1997ರದ್ದಲ್ಲ

ತುಮಕೂರಿನ ನಮ್ಮ ಸಿನಿಮಾ ಗೆಳೆಯರ ವಾಟ್ಸಾಪ್ ಗುಂಪಿನಲ್ಲಿ ಒಂದು ತುಣುಕು ಓಡಾಡುತ್ತಿದೆ. ಬ್ಯಾಟ್‌ಮನ್ ಕಾಲಿಗೆ ಶಾರ್ಕ್ ಕಚ್ಚಿಕೊಂಡಿದೆ. ಕೆಳಗೆ, ‘1997ರ ಜಾರ್ಜ್ ಕ್ಲೂನಿ ಚಿತ್ರ, ಮಾಡಲು ಬರದೆ ಕೆಡಿಸಿದ್ದಾರೆ’ ಎಂಬ ಒಕ್ಕಣೆ. ಎರಡೂ ತಪ್ಪು.

ಅದು 1966ರ, ಆಡಮ್ ವೆಸ್ಟ್ ನಟಿಸಿದ ಚಿತ್ರ. ಹೆಲಿಕಾಪ್ಟರ್ ಏಣಿಗೆ ಕಾಲು ಸಿಕ್ಕಿಸಿ ತಲೆಕೆಳಗಾಗಿ ಜೋತ ರಾಬಿನ್ (ಬ್ಯಾಟ್‌ಮನ್‌ನ ಜೊತೆಗಾರ), ಶಾರ್ಕ್ ಓಡಿಸುವ ಸ್ಪ್ರೇ ಡಬ್ಬಿಯನ್ನು ಕೈಗಿಡುತ್ತಾನೆ. ಡಬ್ಬಿಗಳ ಸಾಲನ್ನು ಸರಿಯಾಗಿ ನೋಡಿ: ತಿಮಿಂಗಿಲಕ್ಕೂ ಬೇರೆಯದೇ ಇದೆ! ನಗಿಸಲೆಂದೇ ಬರೆದ ದೃಶ್ಯವಿದು. ನಟರು ಒಂದಿಷ್ಟೂ ನಗದೆ ಅಭಿನಯಿಸಿದ್ದೇ ಅದರ ಸೊಗಸು, ನನಗಂತೂ ಬಲು ಇಷ್ಟ.

1997ರ ಚಿತ್ರದಲ್ಲಿರುವುದು ಬ್ಯಾಟ್‌ಮನ್ ಕ್ರೆಡಿಟ್ ಕಾರ್ಡ್ ತೆಗೆಯುವ ದೃಶ್ಯ. ಅದು ನನಗೂ ಹಿಡಿಸಿಲ್ಲ. ಹಾಗಂತ ಶಾರ್ಕನ್ನೂ ಅದರ ತಲೆಗೆ ಕಟ್ಟುವುದು ಸರಿಯಲ್ಲ. ಹಂಚಿದವರು ದಯವಿಟ್ಟು ಒಕ್ಕಣೆ ತಿದ್ದಿ.