ನಾಲ್ಕು ಕುದುರೆಯೂ ಒಂದು ರೋಡ್ ರೋಲರೂ

ನಮ್ಮೂರ ರಸ್ತೆಗೆ ರೋಡ್ ರೋಲರ್ ಕೊನೆಯ ಸಲ ಬಂದಿದ್ದು ಯಾವಾಗ ಅಂತ ಯಾರಿಗೂ ಸರಿಯಾಗಿ ನೆನಪಿಲ್ಲ. ಕೆಲವರು ಹಿಂದಿನ ಎಲೆಕ್ಷನ್ ಅಂತಾರೆ, ಕೆಲವರು ಅದರ ಹಿಂದಿನದ್ದು ಅಂತಾರೆ. ಹಾಗಾಗಿ ಮೊನ್ನೆ ಪೇಪರಿನಲ್ಲಿ ಒಂದು ರೋಲರಿನ ಫೋಟೋ ನೋಡಿದಾಗ, ಎಷ್ಟೋ ವರ್ಷದಿಂದ ಪತ್ತೆಯಿಲ್ಲದ ನೆಂಟರು ಸಿಕ್ಕಷ್ಟು ಖುಷಿಯಾಯಿತು. ಇನ್ನೂ ಬದುಕಿದೆಯಲ್ಲ! ಆದರೆ ಅದು ರಸ್ತೆ ಮಾಡುತ್ತಿರಲಿಲ್ಲ. ಯಾವುದೋ ಪೇಟೆಯ ಸರ್ಕಲ್ಲಿನಲ್ಲಿ ಸಾಲಾಗಿ ಮಲಗಿಸಿದ್ದ ಸೈಲೆನ್ಸರ್‌ಗಳ ಮೇಲೆ ಹತ್ತುತ್ತಿತ್ತು. ಸುತ್ತ ಯೂನಿಫಾರಂ ಹಾಕಿದವರು, ಮೊಬೈಲ್ ಹಿಡಿದವರು. ಕೆಳಗೆ 'ದೋಷಪೂರಿತ ಸೈಲೆನ್ಸರ್‌ಗಳ ನಾಶ' ಅಂತ ಬರೆದಿತ್ತು.

ದೋಷ ಏನು ಅಂತ ನನಗೆ ಅರ್ಥವಾಗಲಿಲ್ಲ. ಜೋರಾಗಿ ಕೂಗಲಿ ಅಂತ ದುಡ್ಡು ಕೊಟ್ಟು ತಂದಿದ್ದು, ಜೋರಾಗಿಯೇ ಕೂಗಿದೆ. ನಮ್ಮ ದೇಶದಲ್ಲಿ ಹೇಳಿದ ಕೆಲಸವನ್ನು ಇಷ್ಟು ಸರಿಯಾಗಿ ಮಾಡುವ ವಸ್ತುಗಳು ಕಡಿಮೆ. ಇನ್ನೊಂದು ವಿಷಯ ಗಮನಿಸಿದೆ. ಫೋಟೋದಲ್ಲಿದ್ದ ರಸ್ತೆ ನುಣ್ಣಗಿತ್ತು. ಇರಲೇಬೇಕು. ಗುಂಡಿ ಇದ್ದರೆ ಸೈಲೆನ್ಸರ್ ಅದರೊಳಗೆ ಇಳಿದು ಕೂತುಬಿಡುತ್ತದೆ, ರೋಲರ್ ಮೇಲಿಂದ ಸುಮ್ನೆ ದಾಟಿ ಹೋಗುತ್ತದೆ. ಅದಕ್ಕೇ ಈ ಕಾರ್ಯಕ್ರಮ ನಮ್ಮೂರಲ್ಲಿ ನಡೆಯುವುದು ಸಾಧ್ಯವೇ ಇಲ್ಲ.

ಇಷ್ಟೆಲ್ಲಾ ಯೋಚನೆ ಬರಲು ಕಾರಣ ನಮ್ಮ ಭಾವ.

ಭಾವನ ಕಾಫಿ ತೋಟ ಕೊಡಗಿನ ಸಿದ್ದಾಪುರದ ಕಡೆ, ಮುಖ್ಯ ರಸ್ತೆಯಿಂದ ಸುಮಾರು ಆರು ಕಿಲೋಮೀಟರ್ ಒಳಗೆ. 2024ರಲ್ಲಿ ರೊಬಸ್ಟಾ ಕಾಫಿಗೆ ಹಿಂದೆಂದೂ ಕಾಣದ ರೇಟು ಬಂತಲ್ಲ, ಆಗ ಕೆಲವರು ಮನೆ ರಿಪೇರಿ ಮಾಡಿಸಿದರು, ಕೆಲವರು ಹಳೆ ಸಾಲ ತೀರಿಸಿದರು. ಭಾವ ಹಳೆಯ ಮಾರುತಿ ಜಿಪ್ಸಿ ತಂದರು. ತಪ್ಪು ಹೇಳಬಾರದು, ಜಿಪ್ಸಿ ಎಂದರೆ ಕೊಡಗಿನಲ್ಲಿ ಗಾಡಿ ಮಾತ್ರ ಅಲ್ಲ, ಮನೆಯ ಇನ್ನೊಬ್ಬ ಮಗ. ಕೊಯ್ಲು ಮುಗಿದ ಗದ್ದೆಯಲ್ಲಿ ಆಟೋಕ್ರಾಸ್ ಅನ್ನೋ ಗಾಡಿ ರೇಸು ನಡೆದರೆ ಧೂಳು ಕುಡಿಯಲು ಇಡೀ ಊರು ಹೋಗುತ್ತದೆ. ಅಂಥ ಒಂದು ಗದ್ದೆಗೆ ಹೋಗಿ ಬಂದ ಮೇಲೆಯೇ ಭಾವನಿಗೆ ಜ್ವರ ಶುರುವಾಗಿದ್ದು. "ಗಾಡಿ ಉಸಿರಾಡ್ತಾ ಇಲ್ಲ ಕಣೋ" ಅಂದರು. ನನಗೆ ಕಾರ್ಬನ್ ಕಟ್ಟಿರಬೇಕು ಅನ್ನಿಸಿತು. ಅಲ್ಲವಂತೆ. ಹೆಡರ್ ಹಾಕಬೇಕಂತೆ.

ಗೊತ್ತಿಲ್ಲದವರಿಗೆ ಹೇಳಿಬಿಡುತ್ತೇನೆ. ಎಂಜಿನ್‌ನ ನಾಲ್ಕು ಸಿಲಿಂಡರ್‌ಗಳ ಹೊಗೆ ಹೊರಗೆ ಬರುವಾಗ ಮೊದಲು ಸಿಗುವುದು ಎರಕದ ಕಬ್ಬಿಣದ ಒಂದು ಮುದ್ದೆ. ಅದಕ್ಕೆ ಮ್ಯಾನಿಫೋಲ್ಡ್ ಅನ್ನುತ್ತಾರೆ. ಮದುವೆ ಮನೆಯಲ್ಲಿ ಪಂಕ್ತಿ ಎದ್ದಾಗ ಎಲ್ಲರೂ ಒಂದೇ ಬಾಗಿಲಿಗೆ ನುಗ್ಗುತ್ತಾರಲ್ಲ, ಹಾಗೆ. ಹೆಡರ್ ಎಂದರೆ ಪ್ರತಿ ಸಿಲಿಂಡರಿಗೂ ಒಂದೇ ಉದ್ದದ ಬೇರೆ ಬೇರೆ ಪೈಪು. ಒಬ್ಬರ ಹೊಗೆ ರಭಸದಿಂದ ಹೋದಾಗ ಅದರ ಹಿಂದೆ ಒಂದು ಎಳೆತ ಹುಟ್ಟುತ್ತದೆ, ಆ ಎಳೆತ ಪಕ್ಕದವರ ಹೊಗೆಯನ್ನೂ ಎಳೆದುಕೊಳ್ಳುತ್ತದೆ. ನಾಲ್ಕು ಪೈಪು ಎರಡಾಗಿ, ಎರಡು ಒಂದಾದರೆ ಅದು ಫೋರ್-ಟು-ಒನ್. ವಿಷಯ ಸುಳ್ಳಲ್ಲ, ಎಂಜಿನ್ ನಿಜವಾಗಿಯೂ ಹಗುರಾಗಿ ಉಸಿರಾಡುತ್ತದೆ. ಭಾವನ 1300 ಸಿಸಿ ಎಂಜಿನ್ ಹೊಸದಿದ್ದಾಗ 80 ಕುದುರೆಯದ್ದು, ಅಂದರೆ 80 ಹಾರ್ಸ್‌ಪವರ್. ಹೆಡರ್‌ನಿಂದ ಇನ್ನೊಂದು ನಾಲ್ಕು ಕುದುರೆ ಸಿಕ್ಕರೆ ಪುಣ್ಯ.

ಆದರೆ ಆ ನಾಲ್ಕು ಕುದುರೆ ವಾಸ ಮಾಡುವುದು 5000 ಆರ್‌ಪಿಎಂ ಮೇಲೆ, ಅಂದರೆ ಎಂಜಿನ್ ನಿಮಿಷಕ್ಕೆ 5000 ಸುತ್ತಿಗಿಂತ ಜೋರಾಗಿ ತಿರುಗಿದಾಗ. ನಮ್ಮ ರಸ್ತೆ ಇರುವುದು 2000ದ ಕೆಳಗೆ. ಮುಖ್ಯ ರಸ್ತೆಯಿಂದ ಮನೆಗೆ ಬರುವಾಗ ಭಾವ ಮೂರನೇ ಗೇರ್ ಹಾಕಿದ್ದನ್ನು ನಾನು ನೋಡಿದ್ದು ಒಂದೇ ಸಲ. ಅದೂ ಕೈ ತಪ್ಪಿ.

ಬಾಕ್ಸ್ ಬಂತು. ಬಿಚ್ಚಿ ನೋಡಿದರೆ ಹೊಳೆಯುವ ಸ್ಟೀಲು, ಮದುವೆಯಲ್ಲಿ ಊದುವ ಕೊಂಬುಗಳನ್ನು ನಾಲ್ಕು ಸೇರಿಸಿ ಕಟ್ಟಿದ ಹಾಗೆ. ಅತ್ತೆ ನೋಡಿ, ವಾಲಗದವರ ಸಾಮಾನು ಇಲ್ಲಿ ಯಾಕೆ ಬಂತು ಅಂತ ಕೇಳಿದರು. ಒಳಗೆ ಜಿಎಸ್‌ಟಿ ಸಮೇತ ಬಿಲ್ಲು, 22,000 ರೂಪಾಯಿ. ಬಾಕ್ಸಿನ ತಳದಲ್ಲಿ ಇರುವೆ ಸಾಲಿನಂಥ ಅಕ್ಷರದಲ್ಲಿ 'ರೇಸ್ ಟ್ರ್ಯಾಕ್ ಬಳಕೆಗೆ ಮಾತ್ರ' ಅಂತ ಇಂಗ್ಲಿಷಿನಲ್ಲಿ ಬರೆದಿತ್ತು. ರೇಸ್ ಟ್ರ್ಯಾಕ್ ಬೇಕಿದ್ದರೆ ನಾವು ಕೊಯಮತ್ತೂರಿಗೋ ಚೆನ್ನೈಗೋ ಹೋಗಬೇಕು. ಬಾಕ್ಸ್ ಬಂದಿದ್ದು ಮಾತ್ರ ನೇರ ತೋಟದ ಗೇಟಿಗೆ.

ಇದರಲ್ಲೇ ಇರುವುದು ಮಜಾ. ಪೈಪು ತಯಾರಿಸಿದವರಿಗೆ ತೊಂದರೆ ಇಲ್ಲ. ಮಾರಿದವರಿಗೆ ತೊಂದರೆ ಇಲ್ಲ. ಸರ್ಕಾರಕ್ಕೆ ತೆರಿಗೆ ಸೇರಿದೆ. ಕೊಂಡವರು ಅದನ್ನು ಶೋಕೇಸಿನಲ್ಲಿ ಇಟ್ಟುಕೊಂಡರೂ ತೊಂದರೆ ಇಲ್ಲ. ಗಾಡಿಗೆ ಹಾಕಿ ರಸ್ತೆಗೆ ಇಳಿಸಿದ ಕ್ಷಣವೇ ಅದು ಅಪರಾಧ, ಆಗ ದಂಡ ಹಾಕಿ, ಕಿತ್ತು, ರೋಲರ್ ಕರೆಸುತ್ತಾರೆ. ಚಪ್ಪಟೆಯಾದ ಮೇಲೆ ಗಾಡಿಯವರು ಇನ್ನೊಂದು ಆರ್ಡರ್ ಮಾಡುತ್ತಾರೆ. ಮತ್ತೆ ತೆರಿಗೆ. ಇಷ್ಟು ಚೆನ್ನಾಗಿ ನಡೆಯುವ ಕೃಷಿ ನಮ್ಮ ಜಿಲ್ಲೆಯಲ್ಲಿ ಇನ್ನೊಂದಿಲ್ಲ. ಇದಕ್ಕೆ ಕಾಫಿ ಹೂ ಅರಳಿಸುವ ಹೂಮಳೆಯೂ ಬೇಡ, ಕೂಲಿಯವರೂ ಬೇಡ.

"ಭಾವ, 2019ರಲ್ಲಿ ಮೋಟಾರು ವಾಹನ ಕಾಯ್ದೆ ತಿದ್ದಿದ್ದಾರೆ" ಅಂತ ನಾನು ಹೆದರಿಸಿದೆ. "182ಎ ಅಂತ ಒಂದು ಸೆಕ್ಷನ್ ಇದೆ. ಒಪ್ಪಿಗೆ ಇಲ್ಲದ ಬದಲಾವಣೆ ಮಾಡಿದರೆ ಆರು ತಿಂಗಳವರೆಗೆ ಜೈಲು, ಇಲ್ಲಾಂದ್ರೆ ಒಂದೊಂದು ಬದಲಾವಣೆಗೆ 5,000 ದಂಡ, ಎರಡೂ ಹಾಕಬಹುದು."

ಭಾವ ಸ್ವಲ್ಪ ಹೊತ್ತು ಪೈಪುಗಳನ್ನೇ ನೋಡಿದರು. "ನಾಲ್ಕೂ ಸೇರಿ ಕೊನೆಗೆ ಒಂದೇ ಆಗಿದೆ ತಾನೇ? ಹಾಗಾದರೆ ಒಂದೇ ಬದಲಾವಣೆ. ಅದಕ್ಕೇ ನಾನು ಫೋರ್-ಟು-ಒನ್ ತಗೊಂಡಿದ್ದು."

ಊರವರಿಗೆ ಹೇಳಲು ಬೇರೆ ಕಾರಣ ಸಿದ್ಧವಿತ್ತು. ಆನೆ. ನಮ್ಮ ಕಡೆ ಏನು ಮಾಡಿದರೂ ಕೊನೆಗೆ ಆನೆ ಹೆಸರು ಹೇಳಿದರೆ ಯಾರೂ ಎದುರು ಮಾತಾಡುವುದಿಲ್ಲ. "ರಾತ್ರಿ ಬರುವಾಗ ಶಬ್ದ ಇರಬೇಕು, ದೂರದಿಂದಲೇ ಕೇಳಿ ಜಾಗ ಖಾಲಿ ಮಾಡುತ್ತವೆ" ಅಂತ ಭಾವ ಎಲ್ಲರಿಗೂ ವಿವರಿಸಿದರು. ಎಲ್ಲರೂ ತಲೆಯಾಡಿಸಿದರು.

ಶನಿವಾರ ಬೆಳಿಗ್ಗೆ ಕಾಫಿ ಕಣದಲ್ಲಿ ಕೆಲಸ ಶುರು. ಎರಡು ಗಂಟೆಯ ಕೆಲಸ ಅಂದಿದ್ದರು ಭಾವ. ನನ್ನ ಪಾಲಿಗೆ ಬಂದಿದ್ದು ಟಾರ್ಚ್. ಟಾರ್ಚ್ ಹಿಡಿಯುವವರ ಕಷ್ಟ ಟಾರ್ಚ್ ಹಿಡಿದವರಿಗೇ ಗೊತ್ತು. ಎಲ್ಲಿ ಹಿಡಿದರೂ ಅದು ತಪ್ಪು ಜಾಗ. ಜಾಕ್ ಏರಿಸಿ ಕೆಳಗೆ ಸಿಲ್ವರ್ ಓಕಿನ ಎರಡು ತುಂಡು ಇಡೋಣ ಅಂದರು. ನಾನು ಒಪ್ಪಲಿಲ್ಲ. ಹೋಗಿ ಬಾಡಿಗೆಗೆ ಸರಿಯಾದ ಸ್ಟ್ಯಾಂಡ್ ತಂದೆವು, ಅದರಲ್ಲೇ ಎರಡು ಗಂಟೆ ಮುಗಿಯಿತು. ಬ್ಯಾಟರಿಯ ನೆಗೆಟಿವ್ ಬಿಚ್ಚಿದೆವು. ಶಾಖ ತಡೆಯುವ ತಗಡು ಮುಟ್ಟಿದ ತಕ್ಷಣ ಹಪ್ಪಳದ ಹಾಗೆ ಪುಡಿಯಾಯಿತು. ವರ್ಷಕ್ಕೆ ನಾಲ್ಕು ತಿಂಗಳು ಮಳೆಯಲ್ಲೇ ನಿಂತ ಗಾಡಿ, ಇನ್ನೇನಾಗುತ್ತದೆ? ನಟ್ಟುಗಳಿಗೆಲ್ಲಾ ತುಕ್ಕು ಬಿಡಿಸುವ ಎಣ್ಣೆ ಹೊಡೆದು ಒಂದು ರಾತ್ರಿ ಬಿಟ್ಟೆವು. ಭಾನುವಾರ ಒಂದೊಂದೇ ಕಿರುಗುಟ್ಟುತ್ತಾ ಬಂದವು. ಕೊನೆಯ ಎರಡು ಉಳಿದಾಗ ಭಾವ ಸ್ಪ್ಯಾನರಿಗೆ ನೀರಿನ ಪೈಪು ಸಿಕ್ಕಿಸಿ ಉದ್ದ ಮಾಡಿ, ಕಾಲು ಊರಿ ಎಳೆದರು.

ಟಕ್.

ನಟ್ಟು ಬಂತು. ಅದು ಕೂತಿದ್ದ ಬೋಲ್ಟಿನಂಥ ಕಡ್ಡಿ, ಸ್ಟಡ್ಡು, ಅದರ ಅರ್ಧವೂ ಜೊತೆಗೆ ಬಂತು. ಉಳಿದ ಅರ್ಧ ಎಂಜಿನ್ ಒಳಗೇ ಉಳಿಯಿತು. ಭಾವ ಮಾತಾಡಲಿಲ್ಲ. ಕಣದ ಆ ಕಡೆ ಹೋಗಿ, ಮೆಣಸಿನ ಬಳ್ಳಿ ನೋಡಿದ ಹಾಗೆ ಮಾಡಿ, ವಾಪಸ್ ಬಂದರು.

ಗೇಟು, ಗ್ರಿಲ್ಲು ಮಾಡುವ ವೆಲ್ಡರ್ ಒಬ್ಬರನ್ನು ಕರೆಸಿದೆವು. ಅವರು ಮುರಿದ ಸ್ಟಡ್ಡಿನ ತಲೆಗೆ ಒಂದು ಹೊಸ ನಟ್ಟು ಬೆಸೆದು, ಬೀಡಿ ಸೇದಿ ಮುಗಿಸಿ, ತಣ್ಣಗಾದ ಮೇಲೆ ಸ್ಪ್ಯಾನರ್ ಇಟ್ಟು ತಿರುಗಿಸಿದರು. ಬೆಣ್ಣೆಯಿಂದ ಕೂದಲು ತೆಗೆದಷ್ಟು ಸಲೀಸಾಗಿ ಬಂತು. 500 ರೂಪಾಯಿ. ಹೋಗುವಾಗ ಹಳೆಯ ಮ್ಯಾನಿಫೋಲ್ಡ್ ಎತ್ತಿ ನೋಡಿ, "ಇದು ಒಡೆದಿತ್ತಾ?" ಅಂದರು.

"ಇಲ್ಲ."

"ಲೀಕ್ ಇತ್ತಾ?"

"ಇಲ್ಲ."

"ಮತ್ತೆ ಯಾಕೆ ಬಿಚ್ಚಿದ್ರಿ?"

ಭಾವ ನನ್ನ ಮುಖ ನೋಡಿದರು. ನಾನು ಟಾರ್ಚ್ ಆರಿಸಿದೆ.

ಹೊಸ ಗ್ಯಾಸ್ಕೆಟ್ ಇಟ್ಟು, ನಟ್ಟುಗಳನ್ನು ನಡುವಿನಿಂದ ಶುರುಮಾಡಿ ಆಚೀಚೆ ಬಿಗಿ ಮಾಡಿಕೊಂಡು ಹೋಗುವ ಹೊತ್ತಿಗೆ ಮೂರನೇ ದಿನ. ಆಕ್ಸಿಜನ್ ಸೆನ್ಸರಿನ ವೈರು ನಾಲ್ಕು ಇಂಚು ಸಾಲಲಿಲ್ಲ, ಅದನ್ನು ಜೋಡಿಸಲು ಅರ್ಧ ದಿನ. ಈ ನಡುವೆ ಇನ್ನೊಂದು ಅನಾಹುತವಾಯಿತು. ಕ್ಯಾಟಲಿಟಿಕ್ ಕನ್ವರ್ಟರ್ ತೆಗೆದು ನೇರ ಪೈಪು ಹಾಕಿದ್ದರು ಭಾವ. ಅದು ವಿಷದ ಹೊಗೆಯನ್ನು ಕಡಿಮೆ ಮಾಡುವ ಡಬ್ಬಿ. ಕಾಫಿ ತಂದ ಅಕ್ಕನಿಗೆ ನಾನು ಬಾಯಿ ತಪ್ಪಿ, ಅದರೊಳಗೆ ಪ್ಲಾಟಿನಂ, ಪಲೇಡಿಯಂ, ರೋಡಿಯಂ ಎಲ್ಲಾ ಇರುತ್ತೆ ಅಂದೆ. ಅಕ್ಕ ಲೋಟ ಕೆಳಗಿಟ್ಟರು. "ಪ್ಲಾಟಿನಂ ತೆಗೆದು ಸ್ಟೀಲು ಹಾಕಿದ್ರಾ?" ಆ ಡಬ್ಬಿ ಈಗ ಅಕ್ಕನ ಬೀರುವಿನಲ್ಲಿದೆ, ಸೀರೆಗಳ ಹಿಂದೆ. ಬೀಗದ ಕೈ ಭಾವನಿಗೆ ಕೊಡುವುದಿಲ್ಲ.

ಸ್ಟಾರ್ಟ್ ಮಾಡಿದ್ದು ಕಣದ ಮಧ್ಯೆ, ಬಯಲಲ್ಲಿ. ಮುಚ್ಚಿದ ಶೆಡ್ಡಿನಲ್ಲಿ ಈ ಹೊಗೆ ತುಂಬಿದರೆ ಮನುಷ್ಯ ಗೊತ್ತಾಗದ ಹಾಗೆ ಹೋಗಿಬಿಡುತ್ತಾನೆ, ಅದನ್ನು ಮಾತ್ರ ಭಾವನೂ ಒಪ್ಪಿದರು. ಪೈಪಿಗೆ ಅಂಟಿದ್ದ ಎಣ್ಣೆ ಸುಟ್ಟು ಬಿಳಿ ಹೊಗೆ ಎದ್ದಿತು, ಅತ್ತೆ ಬಕೆಟ್ ತಂದರು. ಆಮೇಲೆ ಶಬ್ದ. ಕೊಕ್ಕರೆಗಳು ಗದ್ದೆಯಿಂದ ಎದ್ದು ಹೋದವು. ನಾಯಿ ಕೆಲಸದವರ ಲೈನ್ ಮನೆಗಳವರೆಗೆ ಓಡಿತು. ಭಾವ ಆಕ್ಸಿಲರೇಟರ್ ಒತ್ತಿ ಬಿಟ್ಟಾಗ ಪೈಪಿನೊಳಗೆ 'ಢಂ' ಅಂತ ಒಂದು ಸಿಡಿಯಿತು. ಪಕ್ಕದ ತೋಟದ ಅಜ್ಜ ಕೋಲು ಊರಿಕೊಂಡು ಬೇಲಿಯವರೆಗೆ ಬಂದರು.

"ಹುತ್ತರಿ ಹಬ್ಬಕ್ಕೆ ಇನ್ನೂ ಆರು ತಿಂಗಳಿದೆ. ಈಗಲೇ ಗುಂಡು ಹೊಡೆದಿದ್ದು ಯಾರು?"

ವಸತಿ ಪ್ರದೇಶದಲ್ಲಿ ರಾತ್ರಿ 10ರಿಂದ ಬೆಳಿಗ್ಗೆ 6ರವರೆಗೆ 45 ಡೆಸಿಬಲ್ ಮೀರಬಾರದು ಅಂತ 2000ನೇ ಇಸವಿಯ ನಿಯಮ ಹೇಳುತ್ತದೆ. ನಮ್ಮ ತೋಟದ ಜೀರುಂಡೆಗಳೇ ಅದನ್ನು ದಿನಾ ಮುರಿಯುತ್ತವೆ ಅಂತ ನನ್ನ ಅನುಮಾನ. ಜೊತೆಗೆ ಶುಕ್ರವಾರ ರಾತ್ರಿಯಾದರೆ ಸಾಕು, ಬೆಟ್ಟದ ಮೌನ ಸವಿಯಲು ಬರುವವರ ಬೈಕುಗಳು ಮಡಿಕೇರಿ ರಸ್ತೆಯಲ್ಲಿ ಕಿವಿ ಹರಿಯುವ ಹಾಗೆ ಹೋಗುತ್ತವೆ. ಮೌನ ಎಲ್ಲಿದೆ ಅಂತ ಕೂಗಿ ಕರೆದು ಹುಡುಕುತ್ತಾರೇನೋ.

ಇನ್ನು ವೇಗ. ಭಾವ ಮೊಬೈಲಿನಲ್ಲಿ ಏನೋ ಆ್ಯಪ್ ಹಾಕಿ, ಪಕ್ಕಾ ನಾಲ್ಕು ಕುದುರೆ ಜಾಸ್ತಿಯಾಗಿದೆ ಅಂದರು. ಅಕ್ಕನ ಲೆಕ್ಕ ಬೇರೆ. ಮೊದಲು ಮುಖ್ಯ ರಸ್ತೆಗೆ 22 ನಿಮಿಷ ಹಿಡಿಯುತ್ತಿತ್ತು. ಈಗಲೂ 22 ನಿಮಿಷ. ಗುಂಡಿಗಳು ಹೆಡರ್ ನೋಡಿ ಜಾಗ ಬಿಟ್ಟಿಲ್ಲ. ಮೇಲಾಗಿ ಏರಿನಲ್ಲಿ ಗಾಡಿ ಮೊದಲಿಗಿಂತ ಸ್ವಲ್ಪ ಮಂಕಾಗಿದೆ ಅಂತ ನನಗೆ ಅನ್ನಿಸಿತು, ಹೇಳಲು ಧೈರ್ಯ ಸಾಲಲಿಲ್ಲ. ಒಂದು ವಾರಕ್ಕೆ 'ಟಿಕ್ ಟಿಕ್' ಅಂತ ಶುರುವಾಯಿತು. ಎರಡು ಮೂರು ಸಲ ಬಿಸಿಯಾಗಿ ತಣ್ಣಗಾದ ಮೇಲೆ ನಟ್ಟುಗಳನ್ನು ಮತ್ತೊಮ್ಮೆ ಬಿಗಿ ಮಾಡಬೇಕಿತ್ತು, ಮರೆತಿದ್ದೆವು. ಮತ್ತೆ ಟಾರ್ಚ್.

ಕಳೆದ ಬುಧವಾರ ಒಂದು ಮದುವೆ ಮುಗಿಸಿ ನಾವಿಬ್ಬರೂ ರಾತ್ರಿ ಬರುತ್ತಿದ್ದೆವು. ಹಲಸು ಹಣ್ಣಾಗಿ ಘಮ್ಮೆನ್ನುವ ಕಾಲ. ಮನೆಗೆ ಇನ್ನೊಂದು ಕಿಲೋಮೀಟರ್ ಇರುವಾಗ, ಏರಿನ ತಿರುವಿನಲ್ಲಿ, ಹೆಡ್‌ಲೈಟಿನ ಬೆಳಕಿಗೆ ಮೊದಲು ಸಿಕ್ಕಿದ್ದು ಒಂದು ಬಾಲ. ಒಂಟಿ ಸಲಗ, ರಸ್ತೆ ಮಧ್ಯೆ ನಿಂತು ಹಲಸಿನ ಹಣ್ಣನ್ನು ಕಾಲಿನಿಂದ ಒಡೆಯುತ್ತಿತ್ತು. ಅಷ್ಟು ದೂರದಿಂದ ನಮ್ಮ ಶಬ್ದ ಕೇಳಿಸಿಕೊಂಡೇ ನಿಂತಿತ್ತು ಅಂತ ಕಾಣುತ್ತದೆ, ಕಿವಿ ಮಾತ್ರ ಅಗಲಿಸಿ ನಿಧಾನಕ್ಕೆ ನಮ್ಮ ಕಡೆ ತಿರುಗಿತು.

ಭಾವ ತಕ್ಷಣ ಲೈಟೂ ಎಂಜಿನ್ನೂ ಆರಿಸಿದರು. ಕತ್ತಲು. ಬಿಸಿ ಪೈಪು ತಣ್ಣಗಾಗುತ್ತಾ 'ಟಿಣ್, ಟಿಣ್' ಅನ್ನುತ್ತಿತ್ತು. ಅದೂ ನಿಂತರೆ ಸಾಕು ಅಂತ ಇಬ್ಬರೂ ಉಸಿರು ಹಿಡಿದು ಕೂತೆವು. ಹಣ್ಣು ತಿನ್ನುವ ಸದ್ದು ಮತ್ತೆ ಶುರುವಾಯಿತು. ಹತ್ತು ನಿಮಿಷವಾಯಿತು, ಇಪ್ಪತ್ತಾಯಿತು.

"ಭಾವ, ಸ್ಟಾರ್ಟ್ ಮಾಡಿ ಹಿಂದೆ ತಗೊಳ್ಳಿ" ಅಂತ ಪಿಸುಗುಟ್ಟಿದೆ.

"ಬೇಡ ಬೇಡ. ಸ್ಟಾರ್ಟ್ ಮಾಡಿದ್ರೆ ಅದಕ್ಕೆ ಕೇಳಿಸುತ್ತೆ."

ಕೊನೆಗೆ ಗಾಡಿಯನ್ನು ನ್ಯೂಟ್ರಲಿಗೆ ಹಾಕಿ, ಹ್ಯಾಂಡ್‌ಬ್ರೇಕ್ ಬಿಟ್ಟು, ಇಳಿಜಾರಿನಲ್ಲಿ ಹಿಂದಕ್ಕೆ ಜಾರಿದೆವು. ನಾನು ಕುತ್ತಿಗೆ ಹೊರಗೆ ಹಾಕಿ ಎಡ, ಬಲ ಅಂತ ಕೈಸನ್ನೆ ಮಾಡುತ್ತಿದ್ದೆ. 84 ಕುದುರೆಯೂ ಒಂದು ಸದ್ದಿಲ್ಲದೆ, ಗುಂಡಿಯಿಂದ ಗುಂಡಿಗೆ, ಕೆಳಗಿನ ಸೇತುವೆಯವರೆಗೆ ಹಿಂದಕ್ಕೆ ಬಂದವು.