ಎರಡು ಡೊಳ್ಳು, ಒಂದು ಡಿಸ್ಕು

2006ರಲ್ಲಿ ವಿಜಯದಶಮಿಯೂ ಗಾಂಧಿ ಜಯಂತಿಯೂ ಅಕ್ಟೋಬರ್ 2ಕ್ಕೇ ಬಂದು, ನನ್ನಂಥ ಸಂಬಳದವರ ಒಂದು ರಜೆಯನ್ನು ಅನಾಮತ್ತಾಗಿ ನುಂಗಿಹಾಕಿದವು. ಆ ದುಃಖದಲ್ಲಿದ್ದಾಗಲೇ ಸಾಗರದಿಂದ ಮಾವನ ಫೋನು. "ಈ ಸಲ ಜಂಬೂ ಸವಾರಿಗೆ ನಮ್ಮ ಡೊಳ್ಳಿನ ತಂಡ ಹೊರಟಿದೆ. ಟೀವಿಯಲ್ಲಿ ಬರ್ತದೆ. ನೀವು ಹ್ಯಾಗೂ ಕಂಪ್ಯೂಟರಿನವರು, ಹಿಡಿದು ಒಂದು ಡಿವಿಡಿ ಮಾಡಿಬಿಡಿ."

ಕಂಪ್ಯೂಟರಿನವನು ಹೌದು. ಒಂದು ಗೋಡೌನಿನ ಲೆಕ್ಕವನ್ನು ಕಂಪ್ಯೂಟರಿನಲ್ಲಿ ಬರೆಯುವವನು. ಆದರೆ ಮಾವನ ಮುಂದೆ ಈ ವ್ಯತ್ಯಾಸ ಬಿಡಿಸಿ ಹೇಳುವಷ್ಟು ದಡ್ಡ ಅಳಿಯ ನಾನಲ್ಲ. "ಅದೇನು ಮಹಾ" ಅಂದುಬಿಟ್ಟೆ.

ಬೆಂಗಳೂರಿನ ಎಸ್.ಪಿ. ರೋಡಿನಲ್ಲಿ ಕಂಪ್ಯೂಟರಿನಲ್ಲಿ ಟೀವಿ ಹಿಡಿಯುವ ಟ್ಯೂನರ್ ಕಾರ್ಡು ಒಂದನ್ನು ಕೊಂಡೆ. "ಸಿಕ್ಕಿಸಿ, ಸ್ಕ್ರೂ ಹಾಕಿ, ನೋಡಿ, ಅಷ್ಟೇ ಸಾರ್" ಎಂದ ಅಂಗಡಿಯವ. ಸಿಕ್ಕಿಸಿದೆ. ಸ್ಕ್ರೂ ಹಾಕಿದೆ. ನೋಡಿದೆ. ಚಂದನ ಬಂತು, ಕಪ್ಪು ಬಿಳುಪಿನಲ್ಲಿ, ಮೇಲಿಂದ ಕೆಳಕ್ಕೆ ಉರುಳುತ್ತ. "ನಮ್ಮಪ್ಪ ಮೊದಲು ತಂದ ಟೀವಿ ಹಿಂಗೇ ಇತ್ತು" ಎಂದು ಹೆಂಡತಿ ಕಣ್ಣು ತುಂಬಿಕೊಂಡಳು. ಎರಡು ರಾತ್ರಿ ಕೂತ ಮೇಲೆ ಗೊತ್ತಾಯಿತು: ಕಾರ್ಡು ತಾನು ಅಮೆರಿಕದಲ್ಲಿದ್ದೇನೆ ಅಂದುಕೊಂಡಿದೆ. ಟೀವಿ ಚಿತ್ರ ಕಳಿಸುವ ಪದ್ಧತಿ ಎಲ್ಲ ದೇಶಕ್ಕೂ ಒಂದೇ ಅಲ್ಲ. ಆಗ ಅಲ್ಲಿನದು ಎನ್‌ಟಿಎಸ್‌ಸಿ, 525 ಗೆರೆ, ಸೆಕೆಂಡಿಗೆ ಸುಮಾರು 30 ಚಿತ್ರ. ನಮ್ಮದು ಪಾಲ್, 625 ಗೆರೆ, 25 ಚಿತ್ರ. ಒಂದು ಗುಂಡಿ ಒತ್ತಿ ಅದನ್ನು ಭಾರತಕ್ಕೆ ಕರೆತಂದೆ. ಬಣ್ಣ ಬಂತು.

ಮುಂದಿನದು ಜಾಗದ ತಾಪತ್ರಯ. ಚಿತ್ರವನ್ನು ಬಂದ ಹಾಗೇ ಹಿಡಿದರೆ ಸೆಕೆಂಡಿಗೆ 20 ಎಂಬಿ ತಿನ್ನುತ್ತದೆ. ಮಾವ ಮೀಸೆ ತಿರುವಿ ಡೊಳ್ಳು ಎತ್ತುವಷ್ಟರಲ್ಲಿ ನನ್ನ 40 ಜಿಬಿ ಡಿಸ್ಕು ಏದುಸಿರು ಬಿಡುತ್ತದೆ. ಅದಕ್ಕೇ ಬರುಬರುತ್ತಲೇ ಎಂಪೆಗ್-2 ಎಂಬ ರೂಪಕ್ಕೆ ಕುಗ್ಗಿಸುವುದು, ಸೆಕೆಂಡಿಗೆ 6 ಮೆಗಾಬಿಟ್, ಎಂಟು ಬಿಟ್ಟಿಗೆ ಒಂದು ಬೈಟಿನ ಲೆಕ್ಕದಲ್ಲಿ ನಿಮಿಷಕ್ಕೆ 45 ಎಂಬಿ. ಡಿವಿಡಿಗೆ ಬೇಕಾದದ್ದೂ ಅದೇ. ಲೆಕ್ಕ ಬರೆಯುವವನಿಗೆ ಈ ಗುಣಾಕಾರದಲ್ಲಿ ಎಂಥದೋ ಸುಖ ಸಿಕ್ಕಿತು ಎಂದು ಒಪ್ಪಿಕೊಳ್ಳಬೇಕು.

ಸದ್ದಿನ ಬಗ್ಗೆ ನಾನು ತಲೆ ಕೆಡಿಸಿಕೊಳ್ಳಲೇ ಇಲ್ಲ. ಟ್ಯೂನರಿನಿಂದ ಗಿಡ್ಡ ವೈರೊಂದನ್ನು ತಂದು ಹಿಂದಿನ ನೀಲಿ ತೂತಿಗೆ ಸಿಕ್ಕಿಸಿದೆ. ಹತ್ತು ನಿಮಿಷ ಹಿಡಿದು ನೋಡಿದೆ. ವಾರ್ತೆ ಕೇಳಿಸಿತು. ಕೊಂಚ ಬಾವಿಯೊಳಗಿಂದ ಬಂದ ಹಾಗಿತ್ತು. ಕೇಬಲಿನವನ ಪಾಪದ ಖಾತೆಗೆ ಜಮಾ ಮಾಡಿ ಮಲಗಿದೆ.

ವಿಜಯದಶಮಿ ಮಧ್ಯಾಹ್ನ ಊಟ ಕಂಪ್ಯೂಟರಿನ ಮುಂದೆಯೇ. ಮೌಸ್ ಮುಟ್ಟಿದರೆ ಕೈ ಮುರಿಯುತ್ತೇನೆಂದು ಮಗನಿಗೆ ಎಚ್ಚರಿಕೆ. ಸ್ಕ್ರೀನ್ ಸೇವರ್, ಆಂಟಿವೈರಸ್ ಎಲ್ಲಕ್ಕೂ ರಜೆ. ಎಷ್ಟಾದರೂ ಸರ್ಕಾರಿ ರಜೆ. ನಂದಿಧ್ವಜ ಪೂಜೆ ಆಯಿತು. ನಿಶಾನೆ ಆನೆ ಬಂತು. ಸ್ತಬ್ಧಚಿತ್ರ ಬಂತು, ಅದರ ಹಿಂದೆ ಇನ್ನೊಂದು, ಅದರ ಹಿಂದೆ ಮತ್ತೊಂದು. ಪೂಜಾ ಕುಣಿತ, ಕಂಸಾಳೆ, ವೀರಗಾಸೆ. ನಮ್ಮ ಡೊಳ್ಳು ಮಾತ್ರ ಇಲ್ಲ. ಒಂದು ಗಂಟೆ ಕಳೆಯಿತು. ಪಾಯಸ ಆರಿತು.

ಕೊನೆಗೆ ಕಂಡರು! ಕಂಬಳಿ, ಪೇಟ, ಕುಪ್ಪಳಿಸುವ ಹುಡುಗರ ನಡುವೆ ನಮ್ಮ ಮಾವ, ನಿವೃತ್ತಿಗೆ ಎರಡು ವರ್ಷ ಉಳಿದ ಮೇಷ್ಟ್ರು. ಸರಿಯಾಗಿ ಒಂಬತ್ತು ಸೆಕೆಂಡು. ಆಮೇಲೆ ಕ್ಯಾಮೆರಾ ಇನ್ನೊಂದು ಸ್ತಬ್ಧಚಿತ್ರಕ್ಕೆ ಹಾರಿತು. ಆ ಒಂಬತ್ತು ಸೆಕೆಂಡು ನಮ್ಮ ಮನೆಯಲ್ಲಿ ಹಬ್ಬ.

ಗೆದ್ದ ಖುಷಿಯಲ್ಲಿ ಕಾಫಿ ಕುಡಿದು ಬಂದು ನೋಡುತ್ತೇನೆ, ರೆಕಾರ್ಡಿಂಗು ತಂತಾನೇ ನಿಂತಿದೆ. ಡಿಸ್ಕಿನಲ್ಲಿ ಜಾಗ ಇದೆ, ಆದರೆ ಅದು ಎಫ್‌ಎಟಿ32 ಎಂಬ ಹಳೇ ಕಾಲದ ಫೈಲು ಜೋಡಣೆಯದು. ಒಂದು ಫೈಲು 4 ಜಿಬಿ ಮುಟ್ಟಿದರೆ ಮುಂದಕ್ಕೆ ಒಂದಕ್ಷರ ಬರೆಯುವುದಿಲ್ಲ. ನನ್ನ ಗುಣಾಕಾರದ ಪ್ರಕಾರ 95 ನಿಮಿಷ. 96ನೇ ನಿಮಿಷದ ಮೇಲೆ 750 ಕಿಲೋ ಚಿನ್ನದ ಅಂಬಾರಿ ಹೊತ್ತು ಬಲರಾಮ ಬಂದ. ಅವನು ಬಂದದ್ದು ಟೀವಿಯಲ್ಲಿ ಮಾತ್ರ, ನನ್ನ ಫೈಲಿನಲ್ಲಿ ಇಲ್ಲ. ಮದುವೆ ವಿಡಿಯೋದಲ್ಲಿ ಹೆಣ್ಣೇ ಇಲ್ಲದ ಹಾಗಾಯಿತು. ಇರಲಿ, ಮಾವ ಸಿಕ್ಕಿದ್ದಾರಲ್ಲ.

ಫೈಲನ್ನು ಡಿವಿಡಿಗೆ ಸುಡುವಾಗ, ಅಂದರೆ ಬರೆಯುವಾಗ, ಮೊದಲನೆಯ ಡಿಸ್ಕು ನೂರಕ್ಕೆ 97 ಮುಟ್ಟಿ ಪ್ರಾಣ ಬಿಟ್ಟಿತು. ಎರಡನೆಯದಕ್ಕೆ ಕರೆಂಟು ಹೋಯಿತು. ಅವೆರಡೂ ಇವತ್ತಿಗೂ ಕಾಫಿ ಲೋಟದ ಕೆಳಗಿವೆ. ಮೂರನೆಯದು ಗೆದ್ದಿತು. ಡೊಳ್ಳಿನ ಕೋಲುಗಳ ಅಂಚು ಬಾಚಣಿಗೆ ಹಲ್ಲಿನಂತೆ ಕಾಣುತ್ತಿದ್ದದ್ದು ಬಿಟ್ಟರೆ ಚಿತ್ರ ಲಕ್ಷಣವಾಗಿತ್ತು. ನಡುರಾತ್ರಿ, ಮಗ ಏಳಬಾರದೆಂದು ಸದ್ದು ಪೂರ್ತಿ ಇಳಿಸಿ ಪರೀಕ್ಷಿಸಿದೆ. ಬೆಳಿಗ್ಗೆ ಕೊರಿಯರ್ ಮಾಡಿದೆ.

ಮೂರು ದಿನದ ಮೇಲೆ ಫೋನು ಬಂತು. ಮಾವ ಡಿಸ್ಕನ್ನು ಮನೆಯಲ್ಲಿ ಒಬ್ಬರೇ ನೋಡುವ ಜಾತಿಯವರಲ್ಲ. ತಂಡದವರು, ಶಾಲೆಯವರು, ಕೇರಿಯವರು ಎಲ್ಲರನ್ನೂ ಜಗಲಿಯಲ್ಲಿ ಕೂರಿಸಿ ಹಾಕಿದ್ದಾರೆ.

"ಅಳಿಯಂದಿರೇ, ಚಿತ್ರ ಚೆನ್ನಾಗಿ ಬಂದಿದೆ" ಎಂದರು. ಸ್ವಲ್ಪ ತಡೆದು, "ಶಬ್ದ ಇನ್ನೂ ಚೆನ್ನಾಗಿ ಬಂದಿದೆ."

ಎದೆ ಧಸಕ್ಕೆಂದಿತು. ಫೋನಿಟ್ಟವನೇ ಫೈಲು ತೆರೆದು, ಮೊದಲ ಸಲ ಸದ್ದು ಏರಿಸಿ ಕೇಳಿದೆ. ಗಿಡ್ಡ ವೈರು ನೀಲಿ ತೂತಿನಲ್ಲಿ ಇದ್ದದ್ದು ನಿಜ. ಆದರೆ ರೆಕಾರ್ಡಿಂಗ್ ಸೆಟ್ಟಿಂಗಿನಲ್ಲಿ ಟಿಕ್ ಇದ್ದದ್ದು ಮೈಕಿನ ಮುಂದೆ. ದೂರದೇಶದ ತಮ್ಮನ ಜೊತೆ ಮಾತಾಡಲು ತಂದ ಬಡಪಾಯಿ ಮೈಕು ಮಾನಿಟರಿನ ಹಿಂದೆ ಕೂತು, ಸ್ಪೀಕರಿನಲ್ಲಿ ಬಂದದ್ದರ ಜೊತೆಗೆ ನಮ್ಮ ಮನೆಯನ್ನೂ ನಿಯತ್ತಾಗಿ ಕೇಳಿಸಿಕೊಂಡಿದೆ. ನಂದಿಧ್ವಜಕ್ಕೆ ಕುಕ್ಕರಿನ ಮೂರು ವಿಶಲ್. ಕಂಸಾಳೆಗೆ ಮಗನ ಮಗ್ಗಿ. ವೀರಗಾಸೆಯ ಆರ್ಭಟಕ್ಕೆ, "ರೀ, ಗ್ಯಾಸ್ ಬುಕ್ ಮಾಡಿದ್ರಾ?" ಅದರ ಬೆನ್ನಿಗೇ ನನ್ನ ದನಿ: "ಎಲ್ಲಿ ಕೂತ್ರೋ ನಿಮ್ಮಪ್ಪ, ಆನೆಗಿಂತ ನಿಧಾನ."

ಆಮೇಲೆ ಆ ಒಂಬತ್ತು ಸೆಕೆಂಡು. ಡೊಳ್ಳಿನ ಸದ್ದು ಎಲ್ಲೋ ದೂರದಲ್ಲಿ. ಹತ್ತಿರದಲ್ಲಿ, ಗಂಟೆ ಬಾರಿಸಿದಷ್ಟು ಸ್ಪಷ್ಟವಾಗಿ ನಾನು: "ಅಗೋ ಅಗೋ, ಬಂದ್ರು! ಎಲ್ರೂ ಒಂದೊಂದು ಡೊಳ್ಳು ಹೊತ್ಕೊಂಡಿದ್ರೆ ನಿಮ್ಮಪ್ಪ ಮಾತ್ರ ಎರಡು ಹೊತ್ಕೊಂಡಿದಾರೆ ನೋಡೇ!"

ಅದಕ್ಕೆ ಹೆಂಡತಿ ನಕ್ಕದ್ದೂ ಇದೆ. ಅದೊಂದೇ ನನಗೆ ಸಮಾಧಾನ.

ದೀಪಾವಳಿಗೆ ಸಾಗರಕ್ಕೆ ಹೋದಾಗ ಬಸ್ ಸ್ಟ್ಯಾಂಡಿನಿಂದಲೇ ಜನ ನನ್ನನ್ನು ನೋಡಿ, ಆಮೇಲೆ ನನ್ನ ಹೊಟ್ಟೆ ನೋಡಿ ನಗುತ್ತಿದ್ದರು. ಮಾವ ಏನೂ ಅನ್ನಲಿಲ್ಲ. ಕಜ್ಜಾಯ ಬಡಿಸಿದರು, ಪಂಚೆ ಕೊಟ್ಟರು. ಅಂಬಾರಿ ಎಲ್ಲಿ ಎಂದು ಯಾರೂ ಕೇಳಲೂ ಇಲ್ಲ. ಸಂಜೆ ನೆಂಟರು ಸೇರಿದಾಗ ಬೀರುವಿನಿಂದ ಡಿಸ್ಕು ಹೊರಬಂತು. ಅದರ ಮೇಲೆ ನಾನು ಬರೆದಿದ್ದ 'ದಸರಾ 2006' ಎಂಬುದನ್ನು ಹೊಡೆದುಹಾಕಿ, ಮೇಷ್ಟ್ರ ದುಂಡು ಅಕ್ಷರದಲ್ಲಿ ಕೆಂಪು ಶಾಯಿಯಿಂದ ತಿದ್ದಿತ್ತು: 'ಎರಡು ಡೊಳ್ಳು'.