ಕೊಲ್ಲದವರ ಊರಿನ ಎರೆಭೂತ

ನ್ಯೂಜಿಲೆಂಡಿನ ವೆಲಿಂಗ್ಟನ್ನಿನಲ್ಲಿರುವ ನಮ್ಮ ಬಾಡಿಗೆ ಮನೆಯ ಹಿತ್ತಲಲ್ಲಿ ಒಂದು ಮರದ ಪೆಟ್ಟಿಗೆ ಇದೆ. ಒಂದು ತುದಿಗೆ ಇಲಿ ನುಗ್ಗುವಷ್ಟು ತೂತು, ಒಳಗೆ ಚಟ್ಟನೆ ಬಡಿಯುವ ಸ್ಪ್ರಿಂಗಿನ ಬೋನು. ನಾವು ಈ ಮನೆಗೆ ಬಂದ ಎರಡನೆಯ ವಾರ ಪಕ್ಕದ ಮನೆಯ ನಿವೃತ್ತ ಮೇಷ್ಟ್ರು ಅದನ್ನು ಗೃಹಪ್ರವೇಶದ ಉಡುಗೊರೆಯ ಹಾಗೆ ತಂದುಕೊಟ್ಟರು. ಜೊತೆಗೆ ಅರ್ಧ ಬಾಟಲಿ ಪೀನಟ್ ಬಟರ್. ಶೇಂಗಾ ಹಿಂಡಿ ತಿಂದು ಬೆಳೆದವನಿಗೆ ಅದನ್ನು ಇಲಿಗೆ ಇಡುವುದು ಅಷ್ಟೇನೂ ಕಷ್ಟವಾಗಲಿಲ್ಲ. ಕಷ್ಟವಾದದ್ದು ಮೂರನೆಯ ದಿನ ಪೆಟ್ಟಿಗೆಯ ಮುಚ್ಚಳ ತೆಗೆದಾಗ.

ರಾಣೆಬೆನ್ನೂರಿನಲ್ಲಿರುವ ಅವ್ವನಿಗೆ ಫೋನಿನಲ್ಲಿ ಹೇಳಿದೆ. ಆಕೆ ಸ್ವಲ್ಪ ಹೊತ್ತು ಸುಮ್ಮನಿದ್ದು, "ಗಣಪನ ವಾಹನ ಅಲ್ಲವೇನಪ್ಪಾ ಅದು" ಎಂದಳು. ಚೌತಿಯ ಮರುದಿನ ಇಲಿವಾರ ಎಂದು ಇಲಿಗೂ ಎಡೆ ಇಡುವ ಸೀಮೆ ನಮ್ಮದು. ಹೊಲದಲ್ಲಿ ಇಲಿ ಪಾಷಾಣ ಇಡುವವರೂ ನಾವೇ ಎನ್ನುವುದು ಬೇರೆ ಮಾತು. ಆದರೆ ಪಾಷಾಣ ಇಟ್ಟದ್ದನ್ನು ಯಾರೂ ಹೆಮ್ಮೆಯಿಂದ ಹೇಳಿಕೊಳ್ಳುವುದಿಲ್ಲ. ಇಲ್ಲಿ ನೋಡಿದರೆ ಇಲಿ ಕೊಂದ ಲೆಕ್ಕವನ್ನು ಮೊಬೈಲ್ ಆ್ಯಪಿನಲ್ಲಿ ದಾಖಲಿಸುತ್ತಾರೆ. ನಾಡಿನ ಹಕ್ಕಿಗಳು ಉಳಿಯಲೆಂದು, 2050ರ ಹೊತ್ತಿಗೆ ದೇಶದಲ್ಲಿ ಇಲಿಯಾಗಲಿ, ಹಕ್ಕಿ-ಮೊಟ್ಟೆ ತಿನ್ನುವ ಪೋಸಮ್, ಸ್ಟೋಟ್ ಎಂಬ ಪ್ರಾಣಿಗಳಾಗಲಿ ಒಂದೂ ಉಳಿಯಬಾರದು ಎಂದು ನ್ಯೂಜಿಲೆಂಡ್ ಸರ್ಕಾರವೇ 2016ರಲ್ಲಿ ಗುರಿ ಹಾಕಿಕೊಂಡಿತು. ಅಹಿಂಸೆಯ ಊರಿನಿಂದ ಬಂದವನಿಗೆ ಮೊದಲು ಇದೆಲ್ಲ ಕ್ರೌರ್ಯವೆಂದೇ ಅನಿಸಿತ್ತು. ಹನ್ನೊಂದು ವರ್ಷವಾದ ಮೇಲೆ ನನ್ನ ಅಹಿಂಸೆಯ ಬಗ್ಗೆಯೇ ಅನುಮಾನ ಹುಟ್ಟಿದೆ.

ಇಲ್ಲಿನ ಕಾಕಪೊ ಎಂಬ ಗಿಳಿಯನ್ನು ನೋಡಿ. ಹಾರಲಾರದು, ರಾತ್ರಿ ಓಡಾಡುತ್ತದೆ, ಮೈಬಣ್ಣ ಪಾಚಿಯಂಥ ಹಸಿರು. ಗಂಡು ನಾಲ್ಕು ಕಿಲೋವರೆಗೂ ತೂಗುತ್ತದೆ. ಮನುಷ್ಯ ಬರುವ ಮೊದಲು ಈ ನಾಡಿನ ನೆಲದ ಮೇಲೆ ಬಾವಲಿಗಳನ್ನು ಬಿಟ್ಟರೆ ಮೊಲೆಯೂಡಿಸುವ ಪ್ರಾಣಿಯೇ ಇರಲಿಲ್ಲ. ಬೇಟೆಗಾರರೆಂದರೆ ಹಕ್ಕಿಗಳೇ: ಮೇಲಿನಿಂದ ಕಣ್ಣಿಟ್ಟು ಎರಗುವ ಹದ್ದುಗಳು. ಕಣ್ಣನ್ನು ನಂಬಿದ ಶತ್ರುವಿಗೆ ಕಾಕಪೊ ಕಲಿತ ಉತ್ತರ ಒಂದೇ, ಅಲುಗಾಡದೆ ನಿಂತುಬಿಡುವುದು. ಪಾಚಿಯ ನಡುವೆ ಪಾಚಿಯಾಗಿ ನಿಂತರೆ ಹದ್ದಿಗೆ ಕಾಣುವುದಿಲ್ಲ. ಲಕ್ಷಾಂತರ ವರ್ಷ ಆ ಉಪಾಯ ಫಲಿಸಿತು. ಆಮೇಲೆ ಬಂದದ್ದು ಮೂಗನ್ನು ನಂಬಿದ ಶತ್ರು. ಕಾಕಪೊವಿನ ಮೈಗೆ ಸಿಹಿ ಬೆರೆತ ಗಾಢವಾದ ಕಮಟು ವಾಸನೆ ಇದೆ. ಮುಂಗುಸಿಯನ್ನು ಹೋಲುವ ಸ್ಟೋಟ್ ಆ ವಾಸನೆ ಹಿಡಿದು ಬಂದರೆ ಹಕ್ಕಿ ತನ್ನ ಹಳೆಯ ಪಾಠದಂತೆ ಕದಲದೆ ನಿಲ್ಲುತ್ತದೆ. ಅದು ದಡ್ಡ ಹಕ್ಕಿ ಎನ್ನುವವರನ್ನು ಕಂಡರೆ ನನಗೆ ಸಿಟ್ಟು ಬರುತ್ತದೆ. ಅದು ಪಾಠವನ್ನು ಚೆನ್ನಾಗಿಯೇ ಕಲಿತಿತ್ತು, ಪ್ರಶ್ನೆಪತ್ರಿಕೆ ಬದಲಾಯಿತು, ಅಷ್ಟೇ.

ಮೋವಾ ಎಂಬ ದೈತ್ಯ ಹಕ್ಕಿಯ ಒಂಬತ್ತು ಪ್ರಭೇದಗಳು ಮಾವೊರಿಗಳ ಪೂರ್ವಜರು ಬಂದಿಳಿದ ಒಂದೆರಡು ಶತಮಾನಗಳಲ್ಲೇ ಮುಗಿದವು. ಮೋವಾವನ್ನೇ ತಿಂದು ಬದುಕಿದ್ದ ಹಾಸ್ಟ್ ಹದ್ದೂ ಅದರ ಹಿಂದೆಯೇ ಹೋಯಿತು. ಆ ಹದ್ದನ್ನೇ ಗುರಿಯಿಟ್ಟು ಯಾರೂ ಅಳಿಸಬೇಕಾಗಿರಲಿಲ್ಲ, ಅನ್ನದ ತಟ್ಟೆ ಎತ್ತಿಟ್ಟದ್ದೇ ಸಾಕಾಯಿತು. ಐರೋಪ್ಯರು ಮೊದಲು ಮೊಲ ತಂದರು, ಮೊಲ ಹುಲ್ಲು ಮುಗಿಸಿದಾಗ 1880ರ ದಶಕದಲ್ಲಿ ಮೊಲ ಹಿಡಿಯಲೆಂದು ಸ್ಟೋಟ್ ತಂದರು. ಓಡುವ ಮೊಲಕ್ಕಿಂತ ನಿಂತ ಹಕ್ಕಿ ಸುಲಭ ಎಂದು ತಿಳಿಯಲು ಸ್ಟೋಟಿಗೆ ಎಷ್ಟು ಹೊತ್ತು ಬೇಕು?

ಆ ಹೊತ್ತಿನಲ್ಲಿ ಒಬ್ಬ ಮನುಷ್ಯನಿಗೆ ಮಾತ್ರ ದಿಗಿಲಾಯಿತು. ರಿಚರ್ಡ್ ಹೆನ್ರಿ ಎಂಬ ಆತ 1894ರಿಂದ ರೆಸಲ್ಯೂಷನ್ ದ್ವೀಪದಲ್ಲಿ ಕಾವಲುಗಾರನಾಗಿದ್ದು, ನೂರಾರು ಕಾಕಪೊ ಮತ್ತು ಕಿವಿ ಹಕ್ಕಿಗಳನ್ನು ಹಿಡಿದು ದೋಣಿಯಲ್ಲಿ ಆ ದ್ವೀಪಕ್ಕೆ ಸಾಗಿಸಿದ. 1900ರಲ್ಲಿ ಅಲ್ಲೂ ಸ್ಟೋಟ್ ಕಾಣಿಸಿಕೊಂಡಿತು. ನೀರು ದಾಟಿ ಈಜಿ ಬಂದಿತ್ತು! ವರ್ಷಗಟ್ಟಲೆಯ ದುಡಿಮೆ ನೀರಿನಲ್ಲಿ ಹೋಮವಾಯಿತು. 1975ರಲ್ಲಿ ಫಿಯರ್ಡ್‌ಲ್ಯಾಂಡಿನ ಕಣಿವೆಯಲ್ಲಿ ಸಿಕ್ಕ ಒಂಟಿ ಗಂಡು ಕಾಕಪೊವಿಗೆ ಅವನದೇ ಹೆಸರಿಟ್ಟರು. ಆ ಹಕ್ಕಿ 2010ರವರೆಗೆ ಬದುಕಿತು.

1995ರಲ್ಲಿ ಉಳಿದಿದ್ದವು 51. ಸ್ಟೋಟ್, ಇಲಿ, ಬೆಕ್ಕು ಇಲ್ಲದಂತೆ ಮಾಡಿದ ದ್ವೀಪಗಳಿಗೆ ಅವನ್ನು ಒಯ್ದು, ಒಂದೊಂದಕ್ಕೂ ಹೆಸರಿಟ್ಟು, ಬೆನ್ನಿಗೆ ಟ್ರಾನ್ಸ್‌ಮಿಟರ್ ಕಟ್ಟಿ ಬಾಣಂತನ ಮಾಡಿದರು. 2022ರ ಹೊತ್ತಿಗೆ 252 ಆದವು. ರಿಮು ಮರ ಹೇರಳವಾಗಿ ಹಣ್ಣು ಬಿಡುವ ವರ್ಷ ಮಾತ್ರ, ಅಂದರೆ ಎರಡರಿಂದ ನಾಲ್ಕು ವರ್ಷಕ್ಕೊಮ್ಮೆ, ಮೊಟ್ಟೆಯಿಡುವ ಹಕ್ಕಿ ಇದು ಎಂದು ನೆನೆದರೆ ಆ ಅಂಕಿಯ ಬೆಲೆ ತಿಳಿಯುತ್ತದೆ. ನಮ್ಮ ನಗರದೊಳಗೇ ಜೀಲ್ಯಾಂಡಿಯಾ ಎಂಬ ಕಣಿವೆ ಇದೆ. 225 ಹೆಕ್ಟೇರಿಗೆ 8.6 ಕಿಲೋಮೀಟರ್ ಬೇಲಿ. ಒಳಗೆ ಬಿಡುವ ಮುನ್ನ ನಿಮ್ಮ ಚೀಲದಲ್ಲಿ ಇಲಿಮರಿ ಇಲ್ಲವಷ್ಟೇ ಎಂದು ತಪಾಸಣೆ. ಮೊದಲ ಸಲ ಹೋದಾಗ ನನ್ನ ಚೀಲದಲ್ಲಿದ್ದದ್ದು ಚಕ್ಕುಲಿ. ಅಲ್ಲಿ ಬಿಟ್ಟ ಕಾಕಾ ಗಿಳಿಗಳ ಸಂತಾನ ಈಗ ಊರೆಲ್ಲ ಹಾರಾಡಿ, ಮರದ ತೊಗಟೆ ಸುಲಿದು ಬೈಸಿಕೊಳ್ಳುತ್ತದೆ.

ಈಗ ನಮ್ಮ ಕಡೆಯ ಮಾತು. ಅಜ್ಜ ಕುರಿ ಕಾಯುವಾಗ ಎರೆಭೂತ ಎಂಬ ಹಕ್ಕಿಯನ್ನು ಕಂಡಿದ್ದ. ಪುಸ್ತಕಗಳಲ್ಲಿ ಅದರ ಹೆಸರು ಗ್ರೇಟ್ ಇಂಡಿಯನ್ ಬಸ್ಟರ್ಡ್. ಬಿಳಿ ಕುತ್ತಿಗೆ, ತಲೆಗೆ ಕರಿ ಟೋಪಿ, ಆಳೆತ್ತರವಲ್ಲದಿದ್ದರೂ ಸೊಂಟದೆತ್ತರ. ದೂರದಿಂದ ನೋಡಿದರೆ ಯಾರೋ ಶಾನುಭೋಗರು ಹೊಲದಲ್ಲಿ ನಿಂತ ಹಾಗೆ ಎನ್ನುತ್ತಿದ್ದ. ಕಾಕಪೊ ಗಂಡಿನಂತೆಯೇ ಇದರ ಗಂಡೂ ಎದೆಯುಬ್ಬಿಸಿ ಗುಮ್ಮೆಂದು ಹೆಣ್ಣನ್ನು ಕರೆಯುತ್ತದೆ. ಸಾಹೇಬರು, ಅವರ ನಂತರ ಜೀಪು ಇದ್ದವರು ಕೋವಿ ಹಿಡಿದು ಹೊಡೆದದ್ದು ನಿಜ. ಆದರೆ ನಮ್ಮೂರಿನವರು ಯಾರೂ ಮುಟ್ಟಿದ್ದಿಲ್ಲ. 1974ರಲ್ಲಿ ರಾಣೆಬೆನ್ನೂರಿನಲ್ಲಿ 119 ಚದರ ಕಿಲೋಮೀಟರಿನ ಅಭಯಾರಣ್ಯವೂ ಆಯಿತು. ಇಂದು ಅಲ್ಲಿ ಎರೆಭೂತ ಇಲ್ಲ. ರಾಜ್ಯದಲ್ಲಿ ಸಿರುಗುಪ್ಪದ ಎರೆ ಹೊಲಗಳಲ್ಲಿ ಬೆರಳೆಣಿಕೆಯಷ್ಟು, ದೇಶದಲ್ಲಿ ಒಟ್ಟು ಸುಮಾರು 150, ಅವೂ ಹೆಚ್ಚಾಗಿ ರಾಜಸ್ಥಾನದಲ್ಲಿ.

ಅದೇ ಬಯಲಿನಲ್ಲಿ ಅದೇ ಹುಲ್ಲಿನ ನಡುವೆ ಬದುಕಿದ್ದ ಚಿಗರೆ ಮಾತ್ರ ಇಂದಿಗೂ ಸಾವಿರಗಳ ಲೆಕ್ಕದಲ್ಲಿದೆ. ಯಾಕೆ? ಹುಲ್ಲುಗಾವಲಿಗೆ ಸಾಲುಸಾಲಾಗಿ ನೀಲಗಿರಿ ನೆಟ್ಟಾಗ ಚಿಗರೆ ಹಗಲು ಅದರ ನೆರಳಿಗೆ ಸರಿದು, ಕತ್ತಲಾದ ಮೇಲೆ ಗೋವಿನಜೋಳದ ಹೊಲಕ್ಕೆ ಇಳಿಯುವುದನ್ನು ಕಲಿಯಿತು. ಬೇಗ ಮರಿ ಹಾಕುವ ಪ್ರಾಣಿ, ನಾಲ್ಕು ಸತ್ತರೆ ತುಂಬಿಕೊಳ್ಳುತ್ತದೆ. ಎರೆಭೂತದ ಹಣೆಬರಹ ಬೇರೆ. ನಾಲ್ಕೂ ದಿಕ್ಕು ಕಾಣುವ ಬಯಲೇ ಅದರ ಕೋಟೆ. ಮರ ಬಂದರೆ ಕೋಟೆಯೊಳಗೇ ಕಳ್ಳನಿಗೆ ಮರೆ ಸಿಕ್ಕಂತೆ. ಬರಿ ನೆಲದ ಮೇಲೆ ಸಾಮಾನ್ಯವಾಗಿ ಒಂದೇ ಮೊಟ್ಟೆ. ತಲೆಯ ಎರಡೂ ಬದಿಗೆ ಕಣ್ಣಿರುವುದರಿಂದ ಎದುರಿನದು ಅದಕ್ಕೆ ಸರಿಯಾಗಿ ಕಾಣದು, ವಿದ್ಯುತ್ ತಂತಿ ಕಣ್ಣಿಗೆ ಬೀಳುವಷ್ಟರಲ್ಲಿ ಭಾರದ ಮೈ ಹೊರಳಿಸಲಾಗದು. ಹಲವು ವರ್ಷ ಬದುಕಿ ಒಂದೊಂದೇ ಮರಿ ಬೆಳೆಸುವ ಲೆಕ್ಕಾಚಾರದಲ್ಲಿ ತಂತಿಗೆ ಬಲಿಯಾದ ಒಂದು ದೊಡ್ಡ ಹಕ್ಕಿಯ ನಷ್ಟ ತುಂಬುವುದೇ ಇಲ್ಲ. ನಮ್ಮೂರಿನವರು ಯಾರೂ ಬೋನು ಇಡಲಿಲ್ಲ, ನಮ್ಮ ಯಾರ ಕೈಗೂ ರಕ್ತ ಅಂಟಲಿಲ್ಲ.

ನನಗೆ ಕಾಡುವುದು ಕಂದಾಯ ದಾಖಲೆಯ ಒಂದು ಪದ: ಖರಾಬು. ಸಾಗುವಳಿಗೆ ಬಾರದ ಜಮೀನೆಲ್ಲ ಖರಾಬು. ಕುರಿಗೆ, ಚಿಗರೆಗೆ, ತೋಳಕ್ಕೆ, ಎರೆಭೂತಕ್ಕೆ ಮನೆಯಾದ ನೆಲ ಪಹಣಿಯಲ್ಲಿ ಕೆಟ್ಟ ನೆಲ. ಕಾಡು ಕಡಿದರೆ ಬೀದಿಗಿಳಿಯುವ ನಾವು ಹುಲ್ಲಿನ ಮೇಲೆ ಗಿಡ ನೆಟ್ಟರೆ ಚಪ್ಪಾಳೆ ತಟ್ಟುತ್ತೇವೆ. ಶಾಲೆಯಲ್ಲಿದ್ದಾಗ ವನಮಹೋತ್ಸವದಲ್ಲಿ ನಾನೂ ಗುಂಡಿ ತೋಡಿ ಲಾಡು ತಿಂದಿದ್ದೇನೆ. ಚಳ್ಳಕೆರೆಯ ಅಮೃತಮಹಲ್ ಕಾವಲೆಂಬ ಹುಲ್ಲುಗಾವಲಿನ ಸಾವಿರಾರು ಎಕರೆ ಸಂಶೋಧನೆಗೆ, ದೇಶದ ರಕ್ಷಣಾ ಇಲಾಖೆಗೆ ಹೋದಾಗಲೂ ಖಾಲಿ ಜಾಗ ಉಪಯೋಗಕ್ಕೆ ಬಂತು ಎಂದವರೇ ಹೆಚ್ಚು.

ನಮ್ಮ ರೀತಿ ಸೋತೇ ಹೋಗಿದೆ ಎನ್ನಲಾರೆ. ಮದ್ದೂರು ತಾಲ್ಲೂಕಿನ ಕೊಕ್ಕರೆ ಬೆಳ್ಳೂರಿನಲ್ಲಿ ಹೆಜ್ಜಾರ್ಲೆ (ಪೆಲಿಕನ್) ಹಕ್ಕಿಗಳು ಮನೆಯ ಮುಂದಿನ ಹುಣಸೆ ಮರದಲ್ಲೇ ಗೂಡು ಕಟ್ಟುತ್ತವೆ. ಬಾಣಂತನಕ್ಕೆ ಬಂದ ಮಗಳು ಎಂದು ಊರವರು ಅವನ್ನು ಕಾಣುತ್ತಾರೆ. ಅಂಗಳದಲ್ಲೆಲ್ಲ ಹಿಕ್ಕೆ, ಮೀನಿನ ನಾತ. ಇದನ್ನು ಪಕ್ಕದ ಮೇಷ್ಟ್ರಿಗೆ ವಿವರಿಸಿದಾಗ ಅವರು ನಂಬಲಿಲ್ಲ. ಬೇಲಿ ಎಷ್ಟು ಉದ್ದ ಎಂದು ಕೇಳಿದರು. ಬೇಲಿಯಿಲ್ಲದ ರಕ್ಷಣೆ ಅವರ ಕಲ್ಪನೆಗೆ ಬರುವುದಿಲ್ಲ. ಇಲಿಯನ್ನು ಅಷ್ಟು ನಿಷ್ಠೆಯಿಂದ ಕೊಲ್ಲುವ ಅವರ ಮನೆಯಲ್ಲಿ ಎರಡು ಬೆಕ್ಕುಗಳಿವೆ ಎನ್ನುವುದನ್ನೂ ಇಲ್ಲೇ ಹೇಳಿಬಿಡುತ್ತೇನೆ. ನಾನು ಆ ಮಾತೆತ್ತಿದರೆ ಅವರಿಗೆ ಚಹಾ ನೆನಪಾಗುತ್ತದೆ.

ಆದರೆ ಹೆಜ್ಜಾರ್ಲೆ ಕೇಳುವುದು ನಮ್ಮ ಮರದ ಕೊಂಬೆಯನ್ನು, ಕೆರೆಯ ಮೀನನ್ನು. ಸಹನೆಯಿದ್ದರೆ ಕೊಡಬಹುದು. ಎರೆಭೂತ ಕೇಳುವುದು ಏನನ್ನೂ ನೆಡದ, ಏನನ್ನೂ ಕಟ್ಟದ, ತಂತಿಯೆಳೆಯದ ಅಗಲವಾದ ನೆಲವನ್ನು. ಅಷ್ಟು ಕೊಡುವ ಮನಸ್ಸು ನಮಗಿಲ್ಲ, ಕೊಲ್ಲಲಿಲ್ಲವಲ್ಲ ಎಂಬ ಸಮಾಧಾನ ಮಾತ್ರ ಇದೆ.

ಕಳೆದ ಶ್ರಾವಣದಲ್ಲಿ ಊರಿಗೆ ಹೋಗಿದ್ದೆ. ಸಂಜೆ ಅಣ್ಣನ ಮಗನ ಜೊತೆ ಹೊಲದ ಬದುವಿನ ಮೇಲೆ ನಿಂತಿದ್ದಾಗ ಚಿಗರೆಗಳು ನೀಲಗಿರಿಯ ಸಾಲಿನಿಂದ ಒಂದರ ಹಿಂದೆ ಒಂದು ಬಂದು ಮೊಣಕಾಲುದ್ದದ ಗೋವಿನಜೋಳಕ್ಕೆ ಬಾಯಿ ಹಾಕಿದವು. ಹುಡುಗ ಕವಣೆ ಬೀಸಿದ, ಅವು ಹತ್ತು ಮಾರು ಹಾರಿ ಮತ್ತೆ ಮೇಯತೊಡಗಿದವು. ಅಜ್ಜ ಕಂಡ ಹಕ್ಕಿಯ ಸುದ್ದಿ ತೆಗೆದೆ. ಎಷ್ಟು ಎತ್ತರವಿತ್ತೆಂದು ಕೇಳಿದ, ಸೊಂಟಕ್ಕೆ ಕೈ ಹಿಡಿದು ತೋರಿಸಿದೆ. ಅವನು ಒಮ್ಮೆ ನನ್ನ ಕೈಯನ್ನೂ ಒಮ್ಮೆ ತೋಪನ್ನೂ ನೋಡಿದ.

"ಅಷ್ಟು ದೊಡ್ಡ ಹಕ್ಕಿ ಇಷ್ಟು ದಟ್ಟ ಮರಗಳ ನಡುವೆ ಹೇಗೆ ಹಾರುತ್ತಿತ್ತು ಕಾಕಾ?"

ಆಗ ಇಲ್ಲಿ ಮರಗಳೇ ಇರಲಿಲ್ಲ ಎಂದೆ. ಅವನು ನಗುತ್ತಾ ಕವಣೆಗೆ ಇನ್ನೊಂದು ಕಲ್ಲು ಹುಡುಕತೊಡಗಿದ.